ರಿಪೇರಿ ಮಾಡಿಸದ ಹಲ್ಲು

ತಿಥಿಗೆ ಇಡಲೆಂದು ಫೋಟೋ ದೊಡ್ಡದು ಮಾಡಿಸಿ ತಂದಿದ್ದರು. ತೀರಿಕೊಂಡವರ ಮಗಳು ಅದನ್ನು ನೋಡಿದವಳೇ ಬಿಚ್ಚಿದ ಕಾಗದವನ್ನು ಮತ್ತೆ ಸುತ್ತಿ, ಸ್ಟುಡಿಯೋಗೆ ವಾಪಸು ಹೊರಟಳು. ನಾನೂ ಜೊತೆಗೆ ಹೋದೆ. ಸ್ಟುಡಿಯೋದವನು ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ಮಾಡಿದ್ದ. ಕಂಪ್ಯೂಟರಿನಲ್ಲಿ ಮುಂದಿನ ಹಲ್ಲನ್ನು ತಿದ್ದಿ, ಸಾಲಾಗಿ ಎಲ್ಲವೂ ಬೆಳ್ಳಗೆ ಕಾಣುವಂತೆ ಮಾಡಿದ್ದ.

"ಮುಕ್ಕಾಗಿದ್ದ ಹಲ್ಲು ಎಲ್ಲಿ?" ಎಂದಳು ಮಗಳು.

"ಸರಿ ಮಾಡಿದ್ದೀನಿ ಮೇಡಂ. ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಏನಿಲ್ಲ."

"ನಮ್ಮಮ್ಮ ಬದುಕಿರೋವರೆಗೂ ಸರಿ ಮಾಡಿಸ್ಲಿಲ್ಲ. ನೀವ್ಯಾರು ಮಾಡಕ್ಕೆ? ಮೊದಲಿದ್ದಂಗೇ ಹಾಕ್ಕೊಡಿ."

ಅವನು ನನ್ನ ಮುಖ ನೋಡಿದ. ನಾನು ನಕ್ಕೆ. ಆ ಮನೆಯಲ್ಲಿ ಸಾವಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಫೋಟೋದಲ್ಲಿದ್ದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಎದುರಿಗೇ ಹೊಗಳಲು ಶುರುಮಾಡಿದರೆ "ಸಾಕು, ಲೈನ್ ಕಟ್ ಮಾಡು" ಅನ್ನುತ್ತಿದ್ದವರು ಅವರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಇಲ್ಲೂ ಅಷ್ಟೇ ಸಾಕು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ದೇವನಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ಅಕ್ಕ ಅಲ್ಲಿ ಆಗಲೇ ಮೂರು ವರ್ಷ ಹಳಬರು. ಆಗ ಯಾರಿಗೆ ಫೋನ್ ಮಾಡಬೇಕಾದರೂ ನಮ್ಮ ಬೋರ್ಡಿಗೇ ಬರಬೇಕಿತ್ತು. ನಾವು ತಂತಿ ಎಳೆದು ಚುಚ್ಚಿದರೆ ಮಾತು, ಇಲ್ಲದಿದ್ದರೆ ಇಲ್ಲ. ಬೋರ್ಡಿನ ಮುಂದೆ ಕೂತ ಅಕ್ಕನದು ರಾಣಿಯ ಗತ್ತು. ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಐದು ನಿಮಿಷಕ್ಕೊಮ್ಮೆ ಕಿರುಚುತ್ತಿದ್ದ ರೇಷ್ಮೆಗೂಡಿನ ವ್ಯಾಪಾರಿಗೆ, "ಸ್ವಾಮಿ, ನೀವು ಕಿರುಚೋ ಜೋರಿಗೆ ಬೆಂಗಳೂರಿಗೆ ನೇರವಾಗೇ ಕೇಳ್ಸುತ್ತೆ. ಲೈನ್ ಯಾಕೆ, ಕ್ಯಾನ್ಸಲ್ ಮಾಡ್ಲಾ?" ಎಂದು ತಣ್ಣಗೆ ಕೇಳಿದ್ದರು. ಆತ ಆಮೇಲೆ ಯಾವಾಗ ಫೋನ್ ಎತ್ತಿದರೂ ಮೊದಲು ನಮಸ್ಕಾರ ಹೇಳುತ್ತಿದ್ದ.

ಹೆಡ್‌ಫೋನ್ ಕಳಚಿಟ್ಟು ಎದ್ದರೆ ಮಾತ್ರ ಬೇರೆಯೇ ಹೆಂಗಸು. ಸೆರಗಿನ ತುದಿ ಬಾಯಿಗೆ ಬರುತ್ತಿತ್ತು. ನಗು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಅವರ ಮುಂದಿನ ಹಲ್ಲುಗಳು ಕಂದು ಬಣ್ಣದವು, ಕಾಫಿ ಚೆಲ್ಲಿ ಒರೆಸದೆ ಬಿಟ್ಟ ಹಾಗೆ. ಬೂದಿ, ಇದ್ದಿಲು, ಬಗೆಬಗೆಯ ಪೇಸ್ಟು, ಯಾವುದಕ್ಕೂ ಹೋಗಿರಲಿಲ್ಲ. ಅವರ ತವರು ಆವತಿ ಪಕ್ಕದ ಹಳ್ಳಿ. ಅಲ್ಲಿ ಅವರ ವಯಸ್ಸಿನ ಬಹಳ ಜನಕ್ಕೆ ಹೀಗೇ ಇತ್ತಂತೆ. ಊರ ದೇವರ ಶಾಪ ಎಂದು ಕೆಲವರು, ಹೊಗೆಸೊಪ್ಪಿನ ಚಟ ಎಂದು ಕೆಲವರು. ಆರು ವರ್ಷದ ಹುಡುಗಿಗೆ ಯಾವ ಹೊಗೆಸೊಪ್ಪು?

"ಬೋರ್ಡ್ ಮುಂದೆ ಇದ್ದಾಗ ನನಗೆ ಹಲ್ಲೇ ಇಲ್ಲ ಕಣೇ. ಬರೀ ಗಂಟಲು," ಎಂದಿದ್ದರು ಒಮ್ಮೆ.

ಹೆಣ್ಣು ನೋಡಲು ಬಂದವರು ಮೂರು ಸಲ ಅದೇ ಕಾರಣಕ್ಕೆ ಎದ್ದು ಹೋಗಿದ್ದರು. ನಾಲ್ಕನೆಯವರು ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯವರು. ಹುಡುಗನಿಗೆ ಹೊಸಕೋಟೆಯ ಕಾರ್ಖಾನೆಯಲ್ಲಿ ಕೆಲಸ, ಊರಲ್ಲಿ ಜಮೀನು. ಹುಡುಗನ ತಾಯಿ ಉಪ್ಪಿಟ್ಟು ತಿಂದು, ಕೈತೊಳೆದು, ಅಕ್ಕನ ತಂದೆಗೆ ಹೇಳಿದರಂತೆ: "ಹುಡುಗಿ ಲಕ್ಷಣವಾಗವ್ಳೆ, ಸಂಬಳಾನೂ ಐತೆ. ಆ ಹಲ್ಲೊಂದು ಸರಿ ಮಾಡಿಸ್ಕೊಟ್ಬಿಡಿ. ನಮ್ದೇನೂ ಅಡ್ಡಿ ಇಲ್ಲ."

ಅಕ್ಕನ ತಂದೆ ಮನೆಗೆ ತಾರಸಿ ಹಾಕಿಸಲು ಇಟ್ಟಿದ್ದ ದುಡ್ಡು ತೆಗೆದರು. ಬೆಂಗಳೂರಿನಲ್ಲಿ ಹೊರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಹೊಸ ಬಗೆಯ ಚಿಕಿತ್ಸೆ ಮಾಡುತ್ತಿದ್ದರು. ಹಲ್ಲಿನ ಮುಂಭಾಗವನ್ನು ಚೂರೇ ಚೂರು ಉಜ್ಜಿ, ಅದರ ಮೇಲೆ ಉಗುರಿನಷ್ಟು ತೆಳುವಾದ ಪಿಂಗಾಣಿಯ ಬಿಲ್ಲೆ ಅಂಟಿಸುವುದು. ವೆನೀರ್ ಅನ್ನುತ್ತಿದ್ದರು. ಅಕ್ಕನಿಗೆ ಮೇಲಿನ ಸಾಲಿನಲ್ಲಿ ಆರು ಹಾಕಿದರು. ರಜ ಮುಗಿಸಿ ಕೆಲಸಕ್ಕೆ ಬಂದ ದಿನ ನಾವೆಲ್ಲ ಸುತ್ತ ನಿಂತು ನೋಡಿದೆವು. ನಿಜಕ್ಕೂ ಚೆಂದವಿತ್ತು. ಅವರು ಕನ್ನಡಿಯಲ್ಲಿ ಇನ್ನೊಂದು ಸಲ ನೋಡಿಕೊಂಡು ಮೆಲ್ಲಗೆ, "ಬಾಯಿ ನಂದೇ. ನಗು ಮಾತ್ರ ಯಾರ್ದೋ ಇಸ್ಕೊಂಡು ಬಂದಂಗಿದೆ," ಅಂದರು.

ಮದುವೆಯಾಯಿತು. ಒಂದು ಹೆಣ್ಣುಮಗುವಾಯಿತು. ಅಷ್ಟರಲ್ಲಿ ನಮ್ಮ ಎಕ್ಸ್‌ಚೇಂಜಿಗೆ ತಾನೇ ಲೈನ್ ಜೋಡಿಸುವ ಹೊಸ ಯಂತ್ರ ಬಂತು. ಬೋರ್ಡು ಮೂಲೆ ಸೇರಿತು, ನಮ್ಮನ್ನು ಬಿಲ್ ಕಟ್ಟಿಸಿಕೊಳ್ಳುವ ಕೌಂಟರಿಗೆ ಕೂರಿಸಿದರು. ಗಂಟಲಿನಿಂದ ಬದುಕಿದ್ದವರು ಮುಖ ತೋರಿಸಿ ಕೆಲಸ ಮಾಡಬೇಕಾಯಿತು. "ನೋಡು, ಸರಿಯಾದ ಹೊತ್ತಿಗೆ ಹಲ್ಲು ಹಾಕಿಸ್ಕೊಂಡಿದ್ದೀನಿ," ಎಂದು ಅಕ್ಕ ತಮಾಷೆ ಮಾಡಿದರು.

ಆ ಹಲ್ಲು ಒಡೆದದ್ದು ನನ್ನಿಂದ. ನಮ್ಮಮ್ಮ ಮಾಡಿದ್ದ ಕೋಡುಬಳೆಯನ್ನು ಡಬ್ಬಿಯಲ್ಲಿ ತಂದಿದ್ದೆ. ಊಟದ ಹೊತ್ತಿನಲ್ಲಿ ಅಕ್ಕ ಬೇಡ ಬೇಡ ಅಂದರೂ ಒಂದು ಕೈಗಿಟ್ಟೆ. ಕಚ್ಚಿದರು. ಟಕ್ ಎಂದಿತು. ಕೋಡುಬಳೆಯ ಸದ್ದು ಅಂದುಕೊಂಡೆ. ಅಕ್ಕ ಅಂಗೈಗೆ ಉಗಿದಾಗ ಹಿಟ್ಟಿನ ಚೂರುಗಳ ನಡುವೆ ಒಂದು ಬಿಳಿ ಚೂರು ಹೊಳೆಯುತ್ತಿತ್ತು. ಬಲಗಡೆಯ ಮುಂದಿನ ಹಲ್ಲು. ಬಿಲ್ಲೆ ಓರೆಯಾಗಿ ಒಡೆದು, ಮೇಲೆ ಅರ್ಧ ಬಿಳಿ, ಕೆಳಗೆ ಅರ್ಧ ಕಂದು. ಮೊದಲು ಆರೂ ಕಂದು ಇದ್ದಾಗ ಅಷ್ಟು ಎದ್ದು ಕಾಣುತ್ತಿರಲಿಲ್ಲ. ಈಗ ಬಿಳಿಯ ಸಾಲಿನ ನಡುವೆ ಅದೊಂದೇ ಕಾಣುತ್ತಿತ್ತು. ನಾನು ಅಳಲು ಶುರುಮಾಡಿದೆ. ಅಕ್ಕ ಅಳಲಿಲ್ಲ.

"ನಿಮ್ಮಮ್ಮಂಗೆ ಹೇಳು, ಕೋಡುಬಳೆ ಚೆನ್ನಾಗಿತ್ತು. ಎಣ್ಣೆ ಇನ್ನೊಂಚೂರು ಕಾಯ್ಬೇಕಿತ್ತು."

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಮೂರು ತಿಂಗಳಲ್ಲಿ ಅವರ ನಾದಿನಿಯ ಮದುವೆ ಗೊತ್ತಾಗಿತ್ತು. ಅತ್ತೆ ಬಾಯಿ ತೆಗೆಸಿ ನೋಡಿ, "ಮದುವೆಗೆ ಮುಂಚೆ ಸರಿ ಮಾಡಿಸ್ಕೊ. ಬೀಗರ ಮುಂದೆ ಹಿಂಗೆ ನಿಂತ್ಕೊಳಕ್ಕಾಗಲ್ಲ. ಖರ್ಚು ನಿಮ್ಮಪ್ಪನ್ನ ಕೇಳು. ಹಲ್ಲು ಅವ್ರ ಕಡೆಯಿಂದ ಬಂದಿದ್ದು, ರಿಪೇರಿನೂ ಅವ್ರದ್ದೇ," ಅಂದರು. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅಕ್ಕ ಇದನ್ನು ನನಗೆ ಮಾರನೆಯ ದಿನ ಹೇಳುವಾಗ ಬಿಲ್ಲುಗಳ ಮೇಲೆ ಮುದ್ರೆ ಒತ್ತುತ್ತಿದ್ದರು. ಒಂದೊಂದು ಏಟಿಗೂ ಮೇಜು ಅಲುಗುತ್ತಿತ್ತು.

"ತವರನ್ನ ಕೇಳಲ್ಲ. ನಾನೊಂದು ಚೀಟಿ ಹಾಕಿದ್ದೀನಿ, ಐದು ಸಾವಿರದ್ದು. ಅದನ್ನ ಎತ್ತುತೀನಿ. ಒಂದು ಹಲ್ಲಿಗೆ ಐದು ಸಾವಿರ ಏನಾಗಲ್ಲ, ಅಲ್ವಾ?"

ತಪ್ಪು ನನ್ನದೆಂದು ಬೆಂಗಳೂರಿಗೆ ನಾನೂ ಬಸ್ಸು ಹತ್ತಿದೆ. ಡಾಕ್ಟರು ಬೆಳಕು ಹಾಕಿ ನೋಡಿ, "ಇದನ್ನ ಅಂಟಿಸಿ ರಿಪೇರಿ ಮಾಡಿದ್ರೆ ನಿಲ್ಲಲ್ಲಮ್ಮ. ಉಳಿದಿದ್ದನ್ನ ತೆಗೆದು ಹೊಸದು ಹಾಕ್ಬೇಕು. ಒಂದಕ್ಕೆ ಒಂದೂವರೆ ಸಾವಿರ," ಅಂದರು.

"ಬಣ್ಣ ಮಿಕ್ಕಿದ್ದಕ್ಕೆ ಹೊಂದುತ್ತಾ?"

"ಹೊಂದುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ. ಆರೂ ಬದಲಾಯಿಸಿದ್ರೆ ಚೆನ್ನ. ಒಂಬತ್ತು ಸಾವಿರ ಆಗುತ್ತೆ."

"ಅದು ಎಷ್ಟು ವರ್ಷ ಬರುತ್ತೆ?"

"ಹತ್ತು ಬರ್ಬೋದು. ಹದಿನೈದೂ ಬರ್ಬೋದು."

"ಆಮೇಲೆ?"

"ಆಮೇಲೆ ಮತ್ತೆ ಹೊಸದು."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಡಾಕ್ಟ್ರೇ?"

ಡಾಕ್ಟರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಂದೆ ಮದುವೆ ದಿನಾಂಕ ಹೇಳಿದ್ರು. ಅಷ್ಟರೊಳಗೆ ಆಗುತ್ತಾ ಅಂತ ಕೇಳಿದ್ರು. ಬೇರೆ ಏನೂ ಕೇಳ್ಲಿಲ್ಲ."

ಅಕ್ಕ ಮುರಿದ ಅಂಚಿನ ಮೇಲೆ ನಾಲಿಗೆ ಆಡಿಸಿ, "ಹಿಂಗೇ ಬಿಟ್ರೆ?" ಎಂದು ಕೇಳಿದರು. ಚೂಪು ಅಂಚನ್ನು ಉಜ್ಜಿ ನುಣುಪು ಮಾಡಿದರೆ ಸಾಕು, ತಣ್ಣೀರು ಕುಡಿದಾಗ ಜುಂ ಅನ್ನಬಹುದು, ಹಲ್ಲಿಗೇನೂ ಅಪಾಯವಿಲ್ಲ ಎಂದರು ಡಾಕ್ಟರು. ಅಂಚು ಉಜ್ಜಲು ಬಂದವಳು ಅಲ್ಲೇ ಕೆಲಸ ಕಲಿಯುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರು. ಅವಳು ಕಂದು ಭಾಗವನ್ನು ನೋಡಿದ ಕೂಡಲೇ, "ನಿಮ್ಮೂರಲ್ಲಿ ಬೋರ್‌ವೆಲ್ ನೀರಾ?" ಎಂದು ಕೇಳಿದಳು.

"ಹೌದು. ಯಾಕೆ?"

"ಇದು ನೀರಿಂದ ಬಂದಿರೋದು. ಆಳದ ಬಂಡೆಯೊಳಗಿನ ನೀರಲ್ಲಿ ಕೆಲವು ಕಡೆ ಫ್ಲೋರೈಡ್ ಜಾಸ್ತಿ ಇರುತ್ತೆ. ಚಿಕ್ಕ ವಯಸ್ಸಲ್ಲಿ, ಹಲ್ಲು ಒಸಡಿನ ಒಳಗೆ ತಯಾರಾಗ್ತಿರುವಾಗ ಅದನ್ನ ಕುಡಿದ್ರೆ ಹಿಂಗಾಗುತ್ತೆ. ಹಲ್ಲು ಹುಟ್ಟೋವಾಗ್ಲೇ ಕಲೆ ಇರುತ್ತೆ. ಎಷ್ಟು ಉಜ್ಜಿದ್ರೂ ಹೋಗಲ್ಲ."

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. ಅವರ ದೊಡ್ಡಕ್ಕನ ಹಲ್ಲು ಮಲ್ಲಿಗೆಯ ಹಾಗಿತ್ತು. ಆಕೆ ದೊಡ್ಡವಳಾಗುವವರೆಗೂ ಊರಿನವರು ಕುಡಿದದ್ದು ಸೇದುವ ಬಾವಿಯ ನೀರು. ಅಕ್ಕನಿಗೆ ಎರಡು ವರ್ಷವಿದ್ದಾಗ ಊರಿಗೆ ಬೋರ್‌ವೆಲ್ ಬಂತು, ಬಾವಿ ಬಿಟ್ಟರು. ಅಕ್ಕನದು ಕಂದು, ಅವರ ತಮ್ಮನದು ಇನ್ನೂ ಕಂದು. ಒಂದೇ ಮನೆ, ಒಂದೇ ಅಡುಗೆ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು.

"ನನ್ನ ಮಗಳಿಗೆ ಒಂದೂವರೆ ವರ್ಷ," ಎಂದರು. "ಅವಳೂ ಬೋರ್‌ವೆಲ್ ನೀರೇ ಕುಡಿಯೋದು. ಅವಳ ಹಲ್ಲು ಬೆಳ್ಳಗೇ ಇದೆ."

"ಅದು ಹಾಲುಹಲ್ಲು. ಅದು ಬಿದ್ದ ಮೇಲೆ ಬರೋದು ಈಗ ಒಳಗೆ ತಯಾರಾಗ್ತಾ ಇದೆ."

ವಾಪಸು ಬರುವಾಗ ಬಸ್ಸು ಯಲಹಂಕ ದಾಟಿತು. ಅಕ್ಕ ಕಿಟಕಿಯ ಕಡೆ ನೋಡುತ್ತಲೇ, "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ, ನಂದೇ ತಪ್ಪು ಅನ್ನೋ ಥರ," ಅಂದರು. "ಈ ಹಲ್ಲನ್ನ ಮಾಡಿಸಲ್ಲ. ಮಾಡಿಸಿದ್ರೆ ಮತ್ತೆ ಮುಚ್ಚಿಟ್ಟಂಗೆ."

ಮುಂದಿನ ವಾರ ಎರಡು ಬಾಟಲಿ ನೀರು ಹಿಡಿದು ಮತ್ತೆ ಹೋದರು. ಒಂದು, ಗಂಡನ ಮನೆಯ ಮುಂದಿನ ಬೋರ್‌ವೆಲ್‌ನದು. ಇನ್ನೊಂದು, ಹಿತ್ತಲಾಚೆ ಅವರದೇ ತೋಟದಲ್ಲಿ ಮುಳ್ಳು ಬೆಳೆದು ಪಾಳುಬಿದ್ದಿದ್ದ ಹಳೆಯ ಬಾವಿಯದು. ಆ ಡಾಕ್ಟರು ಹುಡುಗಿ ತನ್ನ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿ ವರದಿ ಕೊಟ್ಟಳು. ಬೋರ್‌ವೆಲ್‌ನದು ಮಕ್ಕಳಿಗೆ ಬೇಡ. ಬಾವಿಯದರಲ್ಲಿ ಫ್ಲೋರೈಡ್ ಕಡಿಮೆ, ಆದರೆ ಬಾವಿ ಶುಚಿ ಮಾಡಿ, ನೀರು ಕುದಿಸಿ ಕುಡಿಯಬೇಕು.

ಅಕ್ಕ ಚೀಟಿ ಎತ್ತಿದರು. ಆ ದುಡ್ಡಿನಲ್ಲಿ ಬಾವಿಯ ಹೂಳು ತೆಗೆಸುವುದಾಗಿ ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದರಂತೆ.

"ಮನೆ ಮುಂದೆ ಬೋರ್‌ವೆಲ್ ಇಟ್ಕೊಂಡು ಪಾಳುಬಾವಿ ಸೇದ್ತೀಯಾ? ಹಲ್ಲಿಗೆ ಅಂತ ಎತ್ತಿದ ದುಡ್ಡನ್ನ ಕೆಸರಿಗೆ ಹಾಕ್ತೀಯಾ? ಊರಿನೋರು ಉಗೀತಾರೆ."

"ಇದೂ ಹಲ್ಲಿಗೇ ಅತ್ತೆ. ನಂದಲ್ಲ, ಮೊಮ್ಮಗಳದ್ದು."

"ಈ ನೀರು ಕುಡಿದೇ ನಾವೆಲ್ಲ ಬೆಳೆದಿಲ್ವಾ?"

"ಇಲ್ಲ. ನೀವು ಬೆಳೆದಿದ್ದು ಬಾವಿ ನೀರಲ್ಲಿ. ಅದಕ್ಕೇ ನಿಮ್ಮ ಹಲ್ಲು ಬೆಳ್ಳಗಿದೆ."

ಅತ್ತೆ ಒಂದು ತಿಂಗಳು ಮಾತು ಬಿಟ್ಟರು. ಹೂಳು ತೆಗೆಯುವವರು ಬಂದ ಬೆಳಿಗ್ಗೆ ಯಾರೂ ಮನೆಯಿಂದ ಹೊರಗೆ ಬರಲಿಲ್ಲ. ಅಕ್ಕ ಒಬ್ಬರೇ ರಜ ಹಾಕಿ ಬಾವಿಕಟ್ಟೆಯಲ್ಲಿ ನಿಂತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ, ಎಂದೂ ತಾಯಿಯ ಮಾತು ಮೀರದ ಗಂಡ ಬಂದು, ಪ್ಯಾಂಟು ಮಡಿಚಿ, ಏನೂ ಹೇಳದೆ ಹಗ್ಗ ಹಿಡಿದು ಕೆಳಗಿಳಿದರಂತೆ. ಅಕ್ಕ ಎಷ್ಟೋ ವರ್ಷ ಆದಮೇಲೂ ಇದನ್ನು ಹೇಳುವಾಗ ದನಿ ಬದಲಾಗುತ್ತಿತ್ತು. "ನಮ್ಮೋರಿಗೆ ಮಾತು ಬರಲ್ಲ ಕಣೇ. ಬಾವಿಗಿಳಿಯೋದು ಬರುತ್ತೆ."

ನಾದಿನಿಯ ಮದುವೆ ದೇವನಹಳ್ಳಿಯ ಒಂದು ಛತ್ರದಲ್ಲಿ. ನಾನೂ ಹೋಗಿದ್ದೆ. ಅತ್ತೆ ಹಿಂದಿನ ದಿನವೇ ಅಕ್ಕನಿಗೆ ಅಡುಗೆಮನೆಯ ಉಸ್ತುವಾರಿ ಒಪ್ಪಿಸಿದ್ದರು, ಮುಂದೆ ಬರದಿರಲೆಂದು. ಅಕ್ಕ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ನೇರವಾಗಿ ಛತ್ರದ ಬಾಗಿಲಿಗೆ ಬಂದು, ಅಲ್ಲಿ ನಿಂತಿದ್ದ ಹುಡುಗಿಯ ಕೈಯಿಂದ ಪನ್ನೀರುದಾನಿ ತೆಗೆದುಕೊಂಡರು. ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಾ, ಬಾಯಿ ತುಂಬಾ ನಗುತ್ತಾ ನಿಂತರು. ಸೆರಗು ಸೊಂಟದಲ್ಲಿತ್ತು. ಗಂಡಿನ ಸೋದರತ್ತೆಯೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು: "ಹಲ್ಲಿಗೇನಾಯ್ತವ್ವಾ?"

"ನೀರು ಕುಡಿದು ಹಿಂಗಾಯ್ತು ಅಮ್ಮ. ನಿಮ್ಮೂರಲ್ಲಿ ಯಾವ ನೀರು ಕುಡೀತೀರಾ? ಬಾವೀದೋ, ಬೋರ್‌ವೆಲ್‌ದೋ? ಮನೇಲಿ ಚಿಕ್ಕ ಮಕ್ಕಳಿದಾರಾ?"

ಆಕೆ ಪಾಪ ಗಾಬರಿಯಾಗಿ ಒಳಗೆ ಓಡಿದರು. ಆದರೆ ಆಮೇಲೆ ಎಷ್ಟು ಜನ ಕೇಳಿದರೋ ಅಷ್ಟು ಜನಕ್ಕೂ ಅಕ್ಕ ಅದನ್ನೇ ಹೇಳಿದರು. ಊಟದ ಪಂಕ್ತಿಯಲ್ಲಿ ಹೆಂಗಸರು ಪಕ್ಕದವರ ಮಕ್ಕಳ ಬಾಯಿ ತೆಗೆಸಿ ನೋಡುತ್ತಿದ್ದುದನ್ನು ನಾನೇ ಕಂಡೆ. ಮದುವೆ ಮುಗಿದ ವಾರಕ್ಕೆ ಅಕ್ಕನ ಗಂಡನ ಊರಿನ ಮೂರು ಮನೆಯವರು ಅವರ ಬಾವಿಗೆ ಬಿಂದಿಗೆ ತಂದರು. ಯಾವ ಮನೆಯವರು ಬಂದರೂ ಬೇಡ ಅನ್ನಬಾರದೆಂದು ಅಕ್ಕ ಗಂಡನಿಂದ ಮಾತು ತೆಗೆದುಕೊಂಡಿದ್ದರು.

ಕೌಂಟರಿನಲ್ಲೂ ಅವರು ಯಾರಿಗೂ ಬಗ್ಗಲಿಲ್ಲ. ಕತ್ತಿಗೆ ದಪ್ಪ ಸರ ಹಾಕಿಕೊಂಡು ಬರುತ್ತಿದ್ದ ಗುತ್ತಿಗೆದಾರನೊಬ್ಬ, "ಏನ್ ಮೇಡಂ, ಸಂಬಳ ಬರ್ತಾ ಇಲ್ವಾ? ಆ ಹಲ್ಲೊಂದು ಹಾಕಿಸ್ಕೊಬಾರ್ದಾ, ನೋಡಕ್ಕಾಗಲ್ಲ," ಅಂದ. ಸಾಲಿನಲ್ಲಿ ಹತ್ತು ಜನರಿದ್ದರು.

ಅಕ್ಕ ಪೆನ್ನು ಕೆಳಗಿಟ್ಟರು. "ನನ್ನ ಹಲ್ಲು ನನಗೆ ಕಾಣಲ್ಲ ಸಾರ್, ನಿಮಗೆ ಕಾಣುತ್ತೆ. ತೊಂದರೆ ನಿಮ್ಮದು ತಾನೇ? ರಿಪೇರಿ ಖರ್ಚು ಒಂಬತ್ತು ಸಾವಿರ. ಕಟ್ಬಿಟ್ಟು ಹೋಗಿ. ಇಲ್ಲಾಂದ್ರೆ ಫೋನ್ ಬಿಲ್ ಕಟ್ಟಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆತ ಬಿಲ್ ಕಟ್ಟಿ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದ. ಅಕ್ಕ ಆ ಚಿಲ್ಲರೆಯನ್ನು ಕವರಿಗೆ ಹಾಕಿ, ಮೇಲೆ ಅವನ ಹೆಸರು ಬರೆದಿಟ್ಟು, ಮುಂದಿನ ತಿಂಗಳು ಬಂದಾಗ ಕೈಗಿಟ್ಟರು.

ಅವರಿಗೆ ನೋವಾಗುತ್ತಿರಲಿಲ್ಲ ಎಂದಲ್ಲ. ಒಂದು ಸಲ, ಗ್ರೂಪ್ ಫೋಟೋ ತೆಗೆಸುವಾಗ, ಅವರ ಕೈ ತಾನಾಗಿ ಬಾಯಿಯ ಹತ್ತಿರ ಹೋದದ್ದನ್ನು ನೋಡಿದೆ. ನನ್ನ ಕಣ್ಣು ಅಲ್ಲಿರುವುದನ್ನು ಕಂಡು ಕೈ ಇಳಿಸಿದರು. "ಹಳೇ ಚಾಳಿ," ಅಂದರು. ಇನ್ನೊಮ್ಮೆ, ನಾನು ಸಂಬಳ ಕೂಡಿಟ್ಟು ಒಂದೂವರೆ ಸಾವಿರ ತಂದು, "ತಪ್ಪು ನಂದು ಅಕ್ಕ, ಒಂದಾದ್ರೂ ಹಾಕಿಸ್ಕೊಳ್ಳಿ," ಎಂದಾಗ ನಿಜವಾಗಿಯೂ ಸಿಟ್ಟಾದರು. "ನೀನೂ ಅದೇ ಮಾತಾಡ್ತೀಯಲ್ಲೇ! ಆ ಕೋಡುಬಳೆ ಇಲ್ದಿದ್ರೆ ನಾನು ಆ ಡಾಕ್ಟ್ರ ಹತ್ರ ಹೋಗ್ತಿದ್ನಾ? ನನ್ನ ಮಗಳ ಹಲ್ಲೂ ನನ್ನಂಗೇ ಆಗೋಗ್ತಿತ್ತು." ಆ ದುಡ್ಡಿನಲ್ಲಿ ನನಗೇ ಒಂದು ಸೀರೆ ಕೊಡಿಸಿ, ಅದನ್ನು ಉಟ್ಟುಕೊಂಡು ಬರುವವರೆಗೂ ಬಿಡಲಿಲ್ಲ.

ಗೆದ್ದೆವು ಎಂದು ಬರೆದರೆ ಸುಳ್ಳಾಗುತ್ತದೆ. ಪಂಚಾಯಿತಿಗೆ ಅಕ್ಕ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಸುತ್ತ ಕೊರೆದ ಬೋರ್‌ವೆಲ್‌ಗಳು ಹೆಚ್ಚುತ್ತಾ ಹೋಗಿ, ಮುಂದೆ ಆ ಬಾವಿಯೂ ಬತ್ತಿತು. ಆದರೆ ಅದು ಎಂಟು ವರ್ಷ ನೀರು ಕೊಟ್ಟಿತು. ಒಂದು ಊರಿನ ಒಂದಷ್ಟು ಮಕ್ಕಳಿಗೆ ಹಲ್ಲು ಕಟ್ಟಲು ಅಷ್ಟು ಸಾಕಾಯಿತು.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಮಗಳಿಗೆ ಏಳು ತುಂಬಿದ ವರ್ಷದ ಒಂದು ಭಾನುವಾರ. ಊಟಕ್ಕೆ ಕರೆದಿದ್ದರು. ಹುಡುಗಿಯ ಮುಂದಿನ ಹಾಲುಹಲ್ಲುಗಳು ಬಿದ್ದು ಹೊಸವು ಮೂಡಿದ್ದವು. ಅಕ್ಕ ದಿನಾ ಬೆಳಿಗ್ಗೆ ನೋಡುತ್ತಿದ್ದರಂತೆ. ಅತ್ತೆ ಆವರೆಗೂ ಆ ಬಾವಿಯ ಕಡೆ ಕಾಲಿಟ್ಟಿರಲಿಲ್ಲ. ಹಟಕ್ಕೆ ತಾವೊಬ್ಬರೇ ಬೋರ್‌ವೆಲ್ ನೀರು ಕುಡಿಯುತ್ತಿದ್ದರು. ಆ ದಿನ ಊಟವಾದ ಮೇಲೆ ಮೊಮ್ಮಗಳನ್ನು ಅಂಗಳದ ಬಿಸಿಲಿಗೆ ಕರೆದುಕೊಂಡು ಹೋಗಿ, ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಎರಡು ದೊಡ್ಡ ಹಲ್ಲು, ಹಾಲಿನ ಕೆನೆಯ ಬಣ್ಣ, ಒಂದು ಚುಕ್ಕೆಯಿಲ್ಲ.

ಒಳಗೆ ಬಂದು ಅಕ್ಕನ ಎದುರು ನಿಂತರು.

"ನಿಂದೂ ಮಾಡಿಸ್ಕೊ ಇನ್ನ. ಸೀಮೆಹಸು ಮಾರಿದ ದುಡ್ಡೈತೆ. ನಾನ್ ಕೊಡ್ತೀನಿ."

ಅಕ್ಕ ಎಲೆ ತೆಗೆಯುತ್ತಿದ್ದವರು ಹಾಗೇ ನಿಂತರು. ಹೂಂ ಅಂದರೆ ಎಲ್ಲ ಸುಸೂತ್ರವಾಗುತ್ತಿತ್ತು.

"ಬೇಡ ಅತ್ತೆ. ಬಾವೀಲಿ ಮತ್ತೆ ಹೂಳು ತುಂಬಿದೆ, ಅದನ್ನ ತೆಗೆಸಿ. ನಿಮ್ಮ ಮಗಳು ಮುಂದಿನ ತಿಂಗಳು ಹೆರಿಗೆಗೆ ಬರ್ತಾಳಲ್ಲ, ಆ ಮಗೂಗೂ ಬೇಕಾಗುತ್ತೆ."

ಅತ್ತೆ ತಿರುಗಿ ಒಳಕೋಣೆಗೆ ಹೋದರು. ಕೋಪ ಬಂತೆಂದುಕೊಂಡೆ. ಹೊರಗೆ ಬಂದಾಗ ಸೊಂಟಕ್ಕೆ ಸೆರಗು ಬಿಗಿದಿದ್ದರು, ಕಂಕುಳಲ್ಲಿ ಖಾಲಿ ಬಿಂದಿಗೆ. ಹಿತ್ತಲ ಬಾಗಿಲು ತೆಗೆದು, ಹೊಸಿಲ ಮೇಲೆ ನಿಂತು, ನಮ್ಮ ಕಡೆ ತಿರುಗದೆಯೇ ಕೇಳಿದರು:

"ಹಗ್ಗ ಅಲ್ಲೇ ಐತೋ, ತಗೊಂಡು ಹೋಗ್ಬೇಕೋ?"